ಹನ್ನೊಂದು ವಾರಗಳ ಕೆಲಸ

ಕಾರ್ಖಾನೆಯ ಕತ್ತರಿ ವಿಭಾಗದಲ್ಲಿ ಬೆಳಿಗ್ಗೆ ಎಂಟಕ್ಕೆ ಕೆಲಸ ಮೊದಲಾಗುತ್ತಿತ್ತು. ಉದ್ದನೆಯ ಮೇಜಿನ ಮೇಲೆ ದಪ್ಪ ಬಟ್ಟೆಯನ್ನು ಇಪ್ಪತ್ತು ಪದರ ಹಾಸಿ, ಅದರ ಮೇಲೆ ಅಳತೆಯ ರಟ್ಟುಗಳನ್ನಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಅಲ್ಲಿಯ ಕ್ರಮ. ಅಲ್ಲಿ ತಯಾರಾಗುತ್ತಿದ್ದುದು ಸೈನಿಕರು ಎದೆಗೆ ತೊಡುವ ಗುಂಡುನಿರೋಧಕ ಕವಚ. ರಟ್ಟುಗಳನ್ನು ಮಾಡಿಕೊಡುತ್ತಿದ್ದವರು ಕಟಿಂಗ್ ಮಾಸ್ತರು. ಇಪ್ಪತ್ತಾರು ವರ್ಷಗಳಲ್ಲಿ ಅವರ ಅಳತೆ ನೂಲೆಳೆಯಷ್ಟೂ ತಪ್ಪಿರಲಿಲ್ಲ. “ಮಾಸ್ತರ ಗೆರೆ ಹಣೆಬರಹ ಇದ್ದ ಹಾಗೆ, ಅಳಿಸೋಕಾಗಲ್ಲ” ಎಂದು ಕೆಲಸಗಾರರು ನಗೆಯಾಡುತ್ತಿದ್ದರು.

ಒಂದು ಬೆಳಿಗ್ಗೆ ಮ್ಯಾನೇಜರು ಕಾಗದವೊಂದನ್ನು ಹಿಡಿದು ಅಲ್ಲಿಗೇ ಬಂದರು.

“ಮಾಸ್ತರೇ, ಸೇನೆಯವರು ಬರೆದಿದ್ದಾರೆ. ನೂರ ನಲವತ್ತು ಹೆಣ್ಣುಮಕ್ಕಳನ್ನ ಕಾಳಗದ ದಳಗಳಿಗೆ ಹಾಕ್ತಾರಂತೆ. ಅವರ ಮೈಗೆ ಬೇರೆ ರಟ್ಟು ಬೇಕಂತೆ. ಎಷ್ಟು ಕಾಲ ಹಿಡಿಯುತ್ತೆ ಅಂತ ಬರೆದುಕೊಡಿ. ನೀವು ಬರೆದದ್ದಕ್ಕೆ ನಾನು ರುಜು ಹಾಕ್ತೀನಿ, ಅಷ್ಟೇ.”

“ಗುಂಡಿಗೆ ಹೆಣ್ಣು ಗಂಡು ಅನ್ನೋ ಭೇದ ಇಲ್ಲ ಅಂತ ಇವರೇ ಭಾಷಣ ಮಾಡ್ತಾರಲ್ಲ” ಎಂದರು ಮಾಸ್ತರು, ರಟ್ಟಿನಿಂದ ಕಣ್ಣು ಕೀಳದೆ. “ಗುಂಡಿಗೆ ಇಲ್ಲದ ಭೇದ ಕವಚಕ್ಕೆ ಯಾಕೆ?”

ಹೊಲಿಗೆ ವಿಭಾಗದ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. “ಒಂದು ದಿನ ನನ್ನ ಕುಪ್ಪಸ ಹಾಕ್ಕೊಂಡು ಮೇಜಿನ ಮೇಲೆ ಬಗ್ಗಿ ಮಾಸ್ತರೇ, ಭೇದ ತಾನಾಗೇ ತಿಳಿಯುತ್ತೆ” ಎಂದಳು. ಕೆಲಸಗಾರರು ನಕ್ಕರು.

“ನಗೋ ಮಾತಲ್ಲಕ್ಕ. ಮನೆಯೊಳಗಿನ ಬೆಂಕಿ ಸಾಲದೂಂತ ಇವರು ಇನ್ನೊಂದು ಬೆಂಕಿಗೆ ಬೀಳಬೇಕಾ?”

“ಮನೆಯ ಬೆಂಕಿಗೆ ಹಾಕುವಾಗ ನಮ್ಮನ್ನ ಯಾರೂ ಕೇಳಲಿಲ್ಲ. ಇದಕ್ಕಾದ್ರೂ ಅವರು ತಾವೇ ಕೇಳಿಕೊಂಡು ಹೋಗ್ತಿದ್ದಾರೆ.”

ಮಾಸ್ತರು ಸೀಮೆಸುಣ್ಣ ಎತ್ತಿಕೊಂಡರು. ಆ ನೂರ ನಲವತ್ತರಲ್ಲಿ ಒಬ್ಬಳು ಅವರ ಮಗಳು, ಒಬ್ಬಳೇ ಮಗಳು.

ಊಟದ ಬಿಡುವಿನಲ್ಲಿ ಅವರು ಒಂಟಿಯಾಗಿ ಕುಳಿತು ಲೆಕ್ಕ ಹಾಕಿದರು. ಎದೆ, ಬೆನ್ನು, ಭುಜ, ಎರಡು ಪಕ್ಕ. ಇವುಗಳಿಗೆ ಚಿಕ್ಕದರಿಂದ ದೊಡ್ಡದರವರೆಗೆ ನಾಲ್ಕು ಅಳತೆ. ಒಂದೊಂದಕ್ಕೂ ತೊಡಿಸಿ ನೋಡುವ ಪರೀಕ್ಷೆ. ಒಟ್ಟು ಹನ್ನೊಂದು ವಾರ. ಅನಂತರ ಅವರು ಇನ್ನೊಂದು ಲೆಕ್ಕ ಹಾಕಿದರು. ಮಗಳು ಐದು ವರ್ಷದ ಸೇವೆಗೆ ಬರೆದುಕೊಟ್ಟಿದ್ದಳು; ಉಳಿದಿದ್ದುದು ಇಪ್ಪತ್ತೆರಡು ತಿಂಗಳು. ಮೈಗೊಪ್ಪುವ ಕವಚವಿಲ್ಲದೆ ಯಾರನ್ನೂ ಮುಂಚೂಣಿಗೆ ಕಳಿಸಬಾರದೆಂಬ ನಿಯಮವಿತ್ತು. ಅದು ಮಾಸ್ತರಿಗೆ ಬಾಯಿಪಾಠವಾಗಿತ್ತು. ಅವರು ಕಾಗದದ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದರು: “ಪ್ರತ್ಯೇಕ ರಟ್ಟುಗಳ ತಯಾರಿಗೆ ಇಪ್ಪತ್ತನಾಲ್ಕು ತಿಂಗಳು ಅಗತ್ಯ.” ಮ್ಯಾನೇಜರು ಓದದೆ ರುಜು ಹಾಕಿದರು.

ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಕಳೆದರೆ ಎರಡು ತಿಂಗಳು ಕೈಯಲ್ಲಿ ಉಳಿಯುತ್ತದೆ. ಆ ದಿನ ಮಾಸ್ತರು ಹಗುರವಾಗಿ ಮನೆಗೆ ನಡೆದರು.

ಸೇನೆ ಕಾಯಲಿಲ್ಲ. ಹೆಣ್ಣುಮಕ್ಕಳಿಗೆ ಗಂಡಸರ ಕವಚದಲ್ಲೇ ಎಲ್ಲಕ್ಕಿಂತ ಸಣ್ಣದನ್ನು ಹಂಚಿ, “ಅಳತೆ ಸರಿಯಿದೆ” ಎಂದು ಬರೆದುಕೊಂಡು, ಗಡಿಗೆ ಕಳಿಸಿತು.

ಐದು ತಿಂಗಳ ಮೇಲೆ ಮಗಳು ನಾಲ್ಕು ದಿನದ ರಜೆಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಮಾತು ಮಾತ್ರ ಅದೇ. ತಾಯಿ ಕೇಳಿದ್ದಕ್ಕೆಲ್ಲ ನಗುತ್ತ ಉತ್ತರಿಸಿದಳು. ಮಾಸ್ತರು ತಮ್ಮ ಹಳೆಯ ವಾದ ತೆಗೆದರು.

“ನಿನ್ನ ತೂಕ ಐವತ್ನಾಲ್ಕು ಕಿಲೋ. ಹೊರೋದು ಮೂವತ್ತೆರಡು. ಅರ್ಧಕ್ಕಿಂತ ಹೆಚ್ಚಾಯ್ತು. ಲೆಕ್ಕ ಸುಳ್ಳು ಹೇಳಲ್ಲಮ್ಮ.”

“ನನ್ನ ಪಕ್ಕ ಮಲಗೋ ಹುಡುಗ ಐವತ್ತಾರು ಕಿಲೋ ಅಪ್ಪ. ಅವನನ್ನ ಯಾರೂ ತಕ್ಕಡೀಲಿ ಇಡಲಿಲ್ಲ.”

“ಸೆರೆ ಸಿಕ್ಕರೆ?”

“ಅದರ ಭಯ ನನಗೂ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಯುದ್ಧ ಮನೆ ಬಾಗಿಲಿಗೇ ಬಂದಾಗ ಊರಿನ ಹೆಂಗಸರನ್ನ ಯಾರು ಬಿಡ್ತಾರೆ? ಬರಿಗೈಲಿ ಸಿಕ್ಕೋದಕ್ಕಿಂತ ಕೈಲಿ ಬಂದೂಕು ಇರಲಿ.” ಆಮೇಲೆ ಧ್ವನಿ ಬದಲಿಸಿದಳು. “ಅದೆಲ್ಲ ಬಿಡು. ಇಲ್ಲಿ ನೋಡು.”

ಅವಳು ನೆಲದ ಮೇಲೆ ಬೋರಲು ಮಲಗಿ, ಬಂದೂಕು ಹಿಡಿದಂತೆ ಎಡಗೈ ಮುಂದೆ ಚಾಚಿದಳು. “ಹೀಗೆ ಮಲಗಿದ ತಕ್ಷಣ ಎದೆಯ ಫಲಕ ಮೇಲಕ್ಕೆ ಸರಿಯುತ್ತೆ. ಇಲ್ಲಿ, ಕಂಕುಳ ಕೆಳಗೆ, ನಾಲ್ಕು ಬೆರಳು ಖಾಲಿ. ನಮಗೆ ಬೇರೆ ಕವಚ ಬರ್ತಿತ್ತಂತೆ. ನಿಮ್ಮ ಆಫೀಸಿನ ಯಾವನೋ ಮಹಾನುಭಾವ ಎರಡು ವರ್ಷ ಬೇಕು ಅಂತ ಬರೆದನಂತೆ. ಯಾರಪ್ಪ ಅವನು?”

“ಅವನ ಕೈ ಸೇದಿಹೋಗ” ಎಂದಳು ತಾಯಿ, ಒಗೆದ ಬಟ್ಟೆ ಮಡಿಸುತ್ತ. “ಅವನ ಹೊಟ್ಟೇಲಿ ಹೆಣ್ಣು ಹುಟ್ಟಿಲ್ಲ ಅಂತ ಕಾಣುತ್ತೆ.”

ಮಾಸ್ತರು ಮಗಳ ಪಕ್ಕದಲ್ಲಿ ಕುಳಿತು, ಕಂಕುಳ ಕೆಳಗೆ ತಮ್ಮ ಬೆರಳುಗಳನ್ನಿಟ್ಟು ನೋಡಿದರು. ನಾಲ್ಕೇ. “ನಿನ್ನ ಕವಚ ತರಿಸು” ಎಂದರು. “ಎರಡೂ ಪಕ್ಕಕ್ಕೆ ತುಂಡು ಕೂರಿಸಿ ಕೊಡ್ತೀನಿ.”

“ನನಗೊಬ್ಬಳಿಗಾ? ಉಳಿದ ನೂರ ಮೂವತ್ತೊಂಬತ್ತು ಜನಕ್ಕೆ ಏನು ಹೇಳಲಿ, ನಮ್ಮಪ್ಪ ಮಾಸ್ತರು, ನಿಮ್ಮಪ್ಪಂದಿರು ಅಲ್ಲ ಅಂತಲಾ? ಮಾಡೋದಾದ್ರೆ ಎಲ್ಲರಿಗೂ ಮಾಡಿಸು.”

ಅವಳು ಹೊರಟ ಮರುದಿನವೇ ಮಾಸ್ತರು ಯಾರ ಅಪ್ಪಣೆಗೂ ಕಾಯದೆ ಹೊಸ ರಟ್ಟಿಗೆ ಗೆರೆ ಎಳೆದರು. ಅಕ್ಕ ತನ್ನ ವಿಭಾಗದ ಹೆಂಗಸರನ್ನು ಒಬ್ಬೊಬ್ಬರಾಗಿ ಕಳಿಸಿ, ತೊಡಿಸಿ, ಮಲಗಿಸಿ, ಅಳತೆ ಹೇಳಿದಳು. ಯಾಕೆಂದು ಕೇಳಲಿಲ್ಲ.

ಏಳನೆಯ ವಾರದ ಬುಧವಾರ ಸುದ್ದಿ ಬಂತು. ಗುಂಡು ಮಗಳ ಎಡಗಂಕುಳ ಕೆಳಗೆ ಹೊಕ್ಕಿತ್ತು. ಕವಚದ ಫಲಕದ ಮೇಲೆ ಒಂದು ಗೀರೂ ಇರಲಿಲ್ಲ.

ರಟ್ಟು ಮುಗಿದದ್ದು ಹನ್ನೊಂದನೆಯ ವಾರದ ಕೊನೆಯಲ್ಲಿ. ಮಾಸ್ತರ ಲೆಕ್ಕ ತಪ್ಪಿರಲಿಲ್ಲ.

ಆ ಹೊತ್ತಿಗೆ ಪತ್ರಿಕೆಗಳಲ್ಲಿ ವಾದ ಎದ್ದಿತ್ತು. ಹೆಣ್ಣಿನ ಮೈ ಕಾಳಗಕ್ಕೆ ಒಗ್ಗದು ಎಂಬುದಕ್ಕೆ ಸತ್ತವಳೇ ಪುರಾವೆ ಎಂದು ಕೆಲವರು ಬರೆದರು. ಸೇನೆ ವಿಚಾರಣೆ ನಡೆಸಿತು. ಮುಚ್ಚಿದ ಕೋಣೆಯಲ್ಲಿ ಮೂವರು ಅಧಿಕಾರಿಗಳು. ಎದುರಿಗೆ ಮಾಸ್ತರು ಒಬ್ಬರೇ. ಅವರು ಎಲ್ಲವನ್ನೂ ಹೇಳಿದರು: ಹನ್ನೊಂದು ವಾರದ ಕೆಲಸ, ಇಪ್ಪತ್ತನಾಲ್ಕು ತಿಂಗಳೆಂದು ಬರೆದದ್ದು, ಬರೆದ ಕಾರಣ. “ತಪ್ಪಿದ್ದು ಅವಳ ಮೈಯಲ್ಲ ಸ್ವಾಮಿ, ನನ್ನ ಅಳತೆ.”

ಹಿರಿಯ ಅಧಿಕಾರಿ ಕೆಟ್ಟವನಲ್ಲ. ನೀರಿನ ಲೋಟವನ್ನು ತಾನೇ ಮುಂದೆ ಸರಿಸಿದ. “ನಿಮ್ಮ ಸಂಕಟ ಅರ್ಥ ಆಗುತ್ತೆ. ಯಾರೋ ಒಬ್ಬರ ತಪ್ಪಿರಬೇಕು ಅನ್ನಿಸೋದು ಸಹಜ. ನಾನೂ ಹುಡುಗರ ಹೆಣ ಹೊತ್ತವನು. ಹುಡುಗಿಯ ಹೆಣ ಹೊತ್ತ ಮೇಲೆ ದಳ ಒಂದು ವಾರ ಎದ್ದು ನಿಲ್ಲಲಿಲ್ಲ. ನಾಳೆ ಇನ್ನೊಬ್ಬ ತಂದೆ ನಿಮ್ಮ ಹಾಗೆ ಇಲ್ಲಿ ನಿಲ್ಲಬಾರದು, ಅದಕ್ಕೇ ಹೆಣ್ಣುಮಕ್ಕಳನ್ನ ಹಿಂದಕ್ಕೆ ಕರೆಸೋ ಯೋಚನೆ.”

“ಗಂಡುಮಕ್ಕಳ ತಂದೆಯರು ನಿಲ್ಲಬಹುದಾ?” ಎಂದರು ಮಾಸ್ತರು. ಅಧಿಕಾರಿ ಲೇಖನಿಯ ಮುಚ್ಚಳ ಹಾಕಿದ.

ತೀರ್ಮಾನ ಮೂರು ಸಾಲಿನಲ್ಲಿ ಹೊರಬಿತ್ತು. ಮೃತಳು ಕವಚದ ಪಟ್ಟಿಯನ್ನು ಸರಿಯಾಗಿ ಬಿಗಿದಿರಲಿಲ್ಲ. ತಂದೆಯ ಹೇಳಿಕೆ ದುಃಖದ ಭರದಲ್ಲಿ ಬಂದದ್ದು, ಪರಿಗಣನೆಗೆ ಬಾರದು. ಮಹಿಳೆಯರನ್ನು ಕಾಳಗದ ದಳಗಳಿಂದ ಹಿಂದಕ್ಕೆ ಕರೆಯತಕ್ಕದ್ದು. ನೂರ ಮೂವತ್ತೊಂಬತ್ತು ಮಂದಿ ಗಡಿಯಿಂದ ಹಿಂದಿರುಗಿದರು. ಮಾಸ್ತರು ಬಯಸಿದ್ದು ಅದನ್ನೇ. ಒಂದು ಮಾತ್ರ ಕಡಿಮೆ ಬಿದ್ದಿತ್ತು.

ಈ ಯಾವುದನ್ನೂ ಅವರು ಹೆಂಡತಿಗೆ ಹೇಳಿರಲಿಲ್ಲ. ನಾಳೆ ಹೇಳೋಣವೆಂದು ದಿನ ದೂಡುತ್ತಿದ್ದರು. ಅವಳು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ನೆರಳುಗಳಂತೆ ಓಡಾಡುತ್ತಿದ್ದರು.

ಒಂದು ಮಧ್ಯಾಹ್ನ ಮಗಳ ದಳದ ಗೆಳತಿ ಬಂದಳು. ಕುರ್ಚಿಯ ಅಂಚಿನಲ್ಲಿ ಕುಳಿತು, ಕೈಯಲ್ಲಿದ್ದ ಕಾಗದಗಳನ್ನು ಮೊಣಕಾಲ ಮೇಲಿಟ್ಟುಕೊಂಡಳು.

“ಸರ್, ಅವಳು ಪಟ್ಟಿ ಬಿಗಿದಿರಲಿಲ್ಲ ಅಂತ ಬರೆದಿದ್ದಾರೆ. ಆ ಬೆಳಿಗ್ಗೆ ಅವಳ ಪಟ್ಟಿ ಬಿಗಿದದ್ದು ನಾನು. ‘ಉಸಿರು ಕಟ್ಟುತ್ತೆ ಕಣೇ, ಕೊಲ್ತೀಯಾ’ ಅಂತ ಬೈದಿದ್ದಳು.” ಅವಳು ಗೋಡೆಯ ಕಡೆ ನೋಡಿದಳು. “ನಾವೆಲ್ಲ ಈ ತೀರ್ಮಾನದ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದೇವೆ. ಗೆಲ್ತೀವಿ ಅಂತ ವಕೀಲರೂ ಹೇಳಲ್ಲ. ನೀವು ವಿಚಾರಣೆಯಲ್ಲಿ ಏನೋ ಹೇಳಿದ್ರಂತೆ, ಅದನ್ನ ತೆಗೆದುಹಾಕಿದ್ರಂತೆ. ಪ್ರಮಾಣ ಮಾಡಿ ಬರೆದುಕೊಡ್ತೀರಾ?”

ಹೆಂಡತಿ ನೀರು ತಂದವಳು ಅಲ್ಲೇ ನಿಂತಳು. “ಏನು ಹೇಳಿದ್ರಿ ನೀವು?”

ಮಾಸ್ತರು ಅವಳ ಮುಖ ನೋಡಲಿಲ್ಲ. ಗೆಳತಿಗೆ, “ಬರ್ಕೋಮ್ಮ” ಎಂದರು. ಪಾಠ ಒಪ್ಪಿಸುವಂತೆ, ಒಂದು ಅಂಕಿಯನ್ನೂ ಬಿಡದೆ, ಮೊದಲಿನಿಂದ ಹೇಳಿದರು. ಇಪ್ಪತ್ತನಾಲ್ಕು ಎಂದ ಕಡೆ ಬರೆಯುತ್ತಿದ್ದ ಕೈ ನಿಂತಿತು, ಮತ್ತೆ ಚಲಿಸಿತು. ಹೆಂಡತಿ ಲೋಟವನ್ನು ನೆಲದ ಮೇಲಿಟ್ಟು ಗೋಡೆಗೊರಗಿ ಕುಳಿತಳು. ಅಳಲಿಲ್ಲ, ಶಪಿಸಲಿಲ್ಲ. ಮಾತು ಮುಗಿದ ಮೇಲೆ, “ಅದನ್ನ ಒಂದ್ಸಲ ಓದಮ್ಮ” ಎಂದಳು. “ಬಿಡದೆ ಓದು.”

ಗೆಳತಿ ಓದಿದಳು. ಮಾಸ್ತರು ರುಜು ಹಾಕಿದರು.

“ಕೆಳಗೆ ಒಬ್ಬ ಸಾಕ್ಷಿಯ ರುಜುವೂ ಬೇಕು” ಎಂದಳು ಗೆಳತಿ ಮೆಲ್ಲಗೆ. “ಬೇರೆ ಯಾರನ್ನಾದ್ರೂ…”

“ಇಲ್ಲಿ ಕೊಡು.”

ಹೆಂಡತಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಹೆಸರು ಬರೆದಳು. ಅದರ ಮುಂದೆ ‘ಸಂಬಂಧ’ ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ಖಾಲಿ ಜಾಗ. ಮೂವತ್ತೊಂದು ವರ್ಷ ಯಾವ ಕಾಗದದಲ್ಲೇ ಆಗಲಿ, ಅಂಥ ಜಾಗದಲ್ಲಿ ಅವಳು ‘ಹೆಂಡತಿ’ ಎಂದು ತುಂಬುತ್ತ ಬಂದವಳು. ಈಗ ಅವಳು ‘ಸೈನಿಕಳ ತಾಯಿ’ ಎಂದು ಬರೆದು, ಕಾಗದವನ್ನು ಗೆಳತಿಯ ಕೈಗೆ ಕೊಟ್ಟು, ಮಾಸ್ತರಿಗೆ ಸೋಕದಂತೆ ಸುತ್ತಿ ಒಳಗೆ ಹೋದಳು.