ದೇವರ ಜಗಲಿಯಲ್ಲಿ ಉಳಿದ ಹಾಳೆ

ಪ್ಲಾಸ್ಟಿಕ್ಕಿನ ಆಚೆ ತನ್ನದೇ ಸೀರೆಯ ಹೂವು ಕಾಣುತ್ತಿದೆ, ಅಲ್ಲಿ ಹೂವು ಕಾಣಬಾರದು, ಬಂಗಾರದ ಬಣ್ಣದ ಮುದ್ರೆ ಕಾಣಬೇಕು — ಭಾಗ್ಯಾ ತೊಡೆಯ ಮೇಲಿನ ಫೈಲನ್ನು ಮೆಲ್ಲಗೆ ಮುಚ್ಚಿದಳು, ಮತ್ತೆ ಬೆರಳಷ್ಟೇ ತೆರೆದಳು, ಹೂವೇ, ಹಾಳೆ ಇಲ್ಲ, ತಂಗಿ ಸೋನಾಲಿಯ ಡಾಕ್ಟರ್ ಪದವಿಯ ಹಾಳೆ ಅಕ್ಕೋಳದ ಮನೆಯಲ್ಲಿದೆ, ದೇವರ ಜಗಲಿಯಲ್ಲಿ, ಮಾಯಕ್ಕ ದೇವಿಯ ತಟ್ಟೆಯ ಕೆಳಗೆ, ತಾನೇ ಇಟ್ಟದ್ದು. ನಿಪ್ಪಾಣಿಯಲ್ಲಿ ಹತ್ತಿದ ಬಸ್ಸು ಬೆಳಗಾವಿಯ ಕಡೆ ಓಡುತ್ತಿದೆ, ಪಕ್ಕದಲ್ಲಿ ಸೋನಾಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಾಳೆ, ಹನ್ನೊಂದಕ್ಕೆ ಸಂದರ್ಶನ, ಹೆರಿಗೆ ವಿಭಾಗಕ್ಕೆ ಇಬ್ಬರೇ ರೆಸಿಡೆಂಟ್ ಡಾಕ್ಟರು ಬೇಕಂತೆ, ಅಸಲು ಹಾಳೆ ಇಲ್ಲದವರನ್ನು ಒಳಗೇ ಬಿಡುವುದಿಲ್ಲವಂತೆ. ಫೈಲ್ ನಿನ್ನ ಕಡೇನ ಇರ್ಲಿ ಅಕ್ಕಾ, ನಾ ಗಾಬರ್ಯಾಗ ಎಲ್ಲೆರ ಮರತ ಬಿಡ್ತೀನಿ, ಅಂತ ಅವಳೇ ಕೊಟ್ಟಿದ್ದಳು. ನಿನ್ನೆ ದೀಪ ಹಚ್ಚುವಾಗ ಅವ್ವ ಹೇಳಿದ್ದು, ಕುರಿ ಉಣ್ಣೆ ಕತ್ತರಸೂ ಮುಂದ ಕತ್ತರಿ ದೇವರ ಮುಂದ ಇಡ್ತೀವಿ, ಇದಕ್ಕೂ ಇಡಬೇಕಿಲ್ಲೇನ, ಎಲ್ಲಾದಕಿಂತ ದೊಡ್ಡ ಹಾಳಿ ತಗದ ಇಡು, ಮುಂಜಾನಿ ಭಂಡಾರದ ಅರಿಷಿಣ ಹಚ್ಚಿ ತಗೊಂಡ ಹೋಗು — ಏಳನೆಯ ತರಗತಿಗೆ ಶಾಲೆ ಬಿಟ್ಟ ಭಾಗ್ಯಾಳಿಗೆ ಇಂಗ್ಲಿಷ್ ಎಲ್ಲಿ ಬರಬೇಕು, ಮುದ್ರೆ ನೋಡಿ ಆರಿಸಿದಳು. ಬೆಳಿಗ್ಗೆ ತಮ್ಮ ಹಾಲೇಶ ಬೈಕಿನ ಹಾರ್ನ್ ಒತ್ತುತ್ತಲೇ ಇದ್ದ, ಲಗೂ ಬರ್ರಿ, ಬಸ್ ಏನ ನಿಮ್ಮ ಮಾವಂದೇನ ನಿಲ್ಲಾಕ.

ಈಗ ಹೇಳಬೇಕು, ಈಗಲೇ, ಬಾಯಿ ತೆರೆದಾಗ ಎದುರಿನ ಸೀಟಿನ ಮುದುಕಿ ಹಿಂದೆ ತಿರುಗಿದಳು, ಹೆಸರು ದುಂಡವ್ವ ಅಂತ ಆಗಲೇ ಎರಡು ಸಲ ಹೇಳಿಕೊಂಡಿದ್ದಾಳೆ, ಡಾಕ್ಟರವ್ವ ಅಂತಲ್ಲಾ ನೀ, ನನ್ನ ಮೊಣಕಾಲ ಒಂಚೂರ ನೋಡ. ಇನ್ನಾ ನೌಕರಿ ಸಿಕ್ಕಿಲ್ಲ ಆಯಿ, ಸಿಕ್ಕ ಮ್ಯಾಲ ಬಾ. ಅಲ್ಲೀತನಾ ನನ್ನ ಮೊಣಕಾಲ ತಡೀತೈತೇನ. ಸೋನಾಲಿ ನಗುತ್ತಾಳೆ, ಎರಡು ದಿನದ ಮೇಲೆ ನಗುತ್ತಿದ್ದಾಳೆ, ಆ ನಗುವಿನ ನಡುವೆ ಹೇಗೆ ಹೇಳುವುದು. ಸಂಕೇಶ್ವರ ಬಂತು, ಹತ್ತು ನಿಮಿಷ ನಿಲ್ಲತೈತಿ ಅಂದ ಕಂಡಕ್ಟರ್, ಇಲ್ಲಿಂದ ಫೋನ್ ಮಾಡಿದರೆ ಹಾಲೇಶ ಬೈಕ್ ಹೊಡೆದು ಹನ್ನೊಂದರೊಳಗೆ ತಂದಾನು, ತಂದೇ ತರುತ್ತಾನೆ, ಸೋನಿ, ಒಂದ ಮಾತ — ಏನಕ್ಕಾ? ನೀ ಬಾಜೂಕ ಕುಂತೀ ಅಂತ ನನಗ ಇಷ್ಟರ ಧೈರ್ಯ ಐತಿ ನೋಡ — ಭಾಗ್ಯಾ ಬ್ಯಾಗಿನಿಂದ ನೀರಿನ ಬಾಟಲಿ ಎಳೆದಳು, ಶಾಲೆಯಲ್ಲೂ ಹೀಗೆಯೇ, ಉತ್ತರ ಗೊತ್ತು, ಎದ್ದು ನಿಂತರೆ ನಾಲಿಗೆ ಇಲ್ಲ, ಮಾಸ್ತರರು ಕಾದು ಕಾದು ಕೂಡು ಅನ್ನುತ್ತಿದ್ದರು. ಏನಿಲ್ಲ, ನೀರ ಕುಡೀತೀ? ಬಸ್ಸು ಹೊರಟಿತು, ಕಬ್ಬಿನ ಟ್ರಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದೆ, ಇಷ್ಟು ಜೋರಾಗಿ ಯಾಕೆ ಓಡಿಸುತ್ತಾನೆ, ಇವತ್ತು ಮಂಗಳವಾರ —

ಮಂಗಳವಾರ. ಅವ್ವ ಮಂಗಳವಾರ ದೇವರನ್ನು ತೊಳೆಯುತ್ತಾಳೆ, ಕುರಿ ಹೊರಗೆ ಹೋದ ಮೇಲೆ, ಒಂಬತ್ತಕ್ಕೆ, ಜಗಲಿಯ ಮೇಲೆ ದೇವರು ಇದ್ದಲ್ಲೇ ತಂಬಿಗೆ ಎತ್ತಿ ಸುರಿಯುತ್ತಾಳೆ, ಕಣ್ಣಿಗೆ ಪೊರೆ ಬಂದಿದೆ, ಭಾಗ್ಯಾ ಹಾಳಿ ಒಯ್ದಾಳ ಅಂತಲೇ ತಿಳಿದಿರುತ್ತಾಳೆ, ಸಂದರ್ಶನ ಹೋದರೆ ಇನ್ನೊಂದು ಬರಬಹುದು, ಹಾಳೆಯೇ ನೆಂದು ಮುದ್ದೆಯಾದರೆ? ಅವ್ವ, ಎತ್ತಿದ ಕೈ, ತಂಬಿಗೆ. ಬ್ಯಾಗಿನೊಳಗೆ ಕೈ ಹಾಕಿ ಫೋನ್ ಹುಡುಕಿದಳು, ಒಂಬತ್ತಕ್ಕೆ ಮೂರು ನಿಮಿಷ, ಹಾಲೇಶ ಎತ್ತಲಿಲ್ಲ, ಕುರಿಯ ಹಿಂದೆ ಹೋಗಿರಬೇಕು, ಮನೆಗೆ ಹಚ್ಚಿದಳು. ಯಾರಿಗಿ ಫೋನ್ ಹಚ್ಚಾಕತ್ತಿ ಅಕ್ಕಾ? ಅವ್ವಗ. ಯಾಕ? ಈಗಷ್ಟ ಬಂದೀವಲ್ಲ. ಉತ್ತರ ಗೊತ್ತು, ಸೋನಾಲಿ ನೋಡುತ್ತಿದ್ದಾಳೆ, ಫೈಲನ್ನು ನೋಡುತ್ತಿದ್ದಾಳೆ, ಅಕ್ಕಾ, ಫೈಲ್ ಇಲ್ಲಿ ಕೊಡು — ಆಚೆ ಫೋನು ರಿಂಗಾಗುತ್ತಿದೆ, ದೇವರ ಮುಂದೆ ಕೂತ ಅವ್ವ ಫೋನ್ ಮುಟ್ಟುವುದಿಲ್ಲ, ಮೈಲಿಗೆ, ರಿಂಗು, ಎತ್ತಿದ ಕೈ, ರಿಂಗು, ತಂಬಿಗೆ ವಾಲುತ್ತದೆ, ರಿಂಗು, ತಂಬಿಗೆಯ ಬಾಯಲ್ಲಿ ನೀರು, ಇನ್ನೂ ಬೀಳದ ನೀರು.