ಕಿತ್ತು ನೋಡುವ ಮನುಷ್ಯ

ಚೆನ್ನಾಗಿ ನಡೆಯುತ್ತಿರುವ ಯಾವುದನ್ನು ಕಂಡರೂ ಅದನ್ನೊಮ್ಮೆ ಕಿತ್ತು ನೋಡದ ಹೊರತು ಅವರಿಗೆ ಸಮಾಧಾನವಿಲ್ಲ. ನಮ್ಮ ಕಚೇರಿಗೆ ಮೊದಲ ಸಲ ಬಂದ ದಿನ, ನಮಸ್ಕಾರ ಹೇಳಿ, ಮೂಲೆಯ ಕಪಾಟಿನಲ್ಲಿ ಮಿಣುಕುತ್ತಿದ್ದ ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕ್ಷಣಕಾಲ ಧ್ಯಾನಸ್ಥರಂತೆ ದಿಟ್ಟಿಸಿ, ನಾನು ಕುರ್ಚಿ ತೋರಿಸುವಷ್ಟರಲ್ಲಿ ಹಳದಿ ತಂತಿಯೊಂದನ್ನು ಎರಡೇ ಬೆರಳಿನಿಂದ ಸೆಳೆದುಬಿಟ್ಟರು. ಹೊರಗಿನ ಹಜಾರದಲ್ಲಿ ಒಂಬತ್ತು ಪರದೆಗಳು ಏಕಕಾಲಕ್ಕೆ ಸ್ತಬ್ಧವಾದವು. ಪುಣ್ಯಕ್ಕೆ ಅದು ಚಹದ ವೇಳೆ, ಕರೆಗಳಿರಲಿಲ್ಲ. ಆದರೂ ನನಗೆ ಪಿತ್ತ ನೆತ್ತಿಗೇರಿತು. ಒಂದು ಮಾತು ಹೇಳಿ ಕೀಳಬಾರದಿತ್ತೇ ಎಂದು ರೇಗಿದೆ. ಅವರು ತಂತಿಯನ್ನು ಸ್ವಸ್ಥಾನಕ್ಕೆ ಸೇರಿಸುತ್ತ, ಆಗಷ್ಟೇ ನಾಡಿ ನೋಡಿ ಮುಗಿಸಿದ ವೈದ್ಯರ ಶಾಂತಿಯಿಂದ, “ಹೇಳಿ ಕಿತ್ರೆ ಅದು ಪರೀಕ್ಷೆ ಅಲ್ಲ ಮೇಡಂ, ನಾಟಕ. ನಿಮಗಿರೋದು ಒಂದೇ ದಾರಿ” ಎಂದರು.

ನಮ್ಮದು ಸನ್ನೆಭಾಷೆಯ ಕಚೇರಿ. ಕಿವಿ ಕೇಳದವರು ಆಸ್ಪತ್ರೆಗೋ ನ್ಯಾಯಾಲಯಕ್ಕೋ ಬ್ಯಾಂಕಿಗೋ ಹೋದಾಗ ಎದುರಿಗೊಂದು ಪರದೆ ನಿಲ್ಲಿಸಿಕೊಂಡು ನಮಗೆ ಕರೆ ಮಾಡುತ್ತಾರೆ; ನಮ್ಮ ದುಭಾಷಿಗಳು ಇಲ್ಲಿ ಕುಳಿತು ಅಲ್ಲಿನವರ ಮಾತನ್ನು ಕೈಗೂ ಇವರ ಕೈಯನ್ನು ಮಾತಿಗೂ ತಿರುಗಿಸುತ್ತಾರೆ. ಇಷ್ಟು ದೊಡ್ಡ ವ್ಯವಹಾರವೆಲ್ಲ ನಡೆಯುತ್ತಿದ್ದುದು ಬೀದಿಯಡಿ ಹೂತ ಒಂದೇ ಒಂದು ಕೇಬಲ್ಲಿನ ಕೃಪೆಯಿಂದ. ಅದು ಕೈಕೊಟ್ಟರೆ ಮೊಬೈಲ್ ಟವರಿನ ಮೂಲಕ ನೆಟ್ ಹರಿದುಬರುವಂತೆ ಎರಡನೆಯ ದಾರಿ ಮಾಡಿಕೊಡುವುದು ಇವರ ಕಸುಬು. ಅಂಗಡಿ, ಶಾಲೆ, ಗೋದಾಮು ಎನ್ನದೆ ಎಲ್ಲೆಲ್ಲೂ ಇದನ್ನೇ ಮಾಡುತ್ತ ಅರವತ್ತರ ಹೊಸಿಲಿಗೆ ಬಂದಿದ್ದರು.

ಅವರ ಬಾಯಲ್ಲಿ ಪ್ರತಿ ವಾಕ್ಯವೂ ‘ಅಕಸ್ಮಾತ್’ ಎಂಬ ಪದದಿಂದಲೇ ಹೊರಡುತ್ತಿತ್ತು. ಅಕಸ್ಮಾತ್ ಕೇಬಲ್ ತುಂಡಾದರೆ, ಅಕಸ್ಮಾತ್ ಕರೆಂಟು ಹೋದರೆ, ಅಕಸ್ಮಾತ್ ಕರೆಂಟು ಹೋದಾಗಲೇ ಬ್ಯಾಟರಿಯೂ ಸತ್ತಿದ್ದರೆ. ವಾರ ಕಳೆಯುವುದರೊಳಗೆ ನಮ್ಮ ಹುಡುಗಿಯರು ಅವರಿಗೆ ‘ಅಕಸ್ಮಾತಪ್ಪ’ ಎಂದು ಹೆಸರಿಟ್ಟು ಬೆನ್ನ ಹಿಂದೆ ನಗುತ್ತಿದ್ದರು. ಅದು ಗೊತ್ತಾಗಿ ಅವರೇ ಫೋನಿನಲ್ಲಿ “ನಾನು ಅಕಸ್ಮಾತಪ್ಪ ಮಾತಾಡೋದು” ಎನ್ನತೊಡಗಿದ ಮೇಲೆ ನಗುವವರ ಮುಖ ಸಣ್ಣದಾಯಿತು. ಕಾಲ ಯಾವುದೇ ಇರಲಿ, ಬೂದುಬಣ್ಣದ ಕೋಟೊಂದು ಮೈಮೇಲೆ. ಆ ಕೋಟಿನ ಜೇಬುಗಳಲ್ಲಿ ಎಲ್ಲವೂ ಜೋಡಿ ಜೋಡಿ: ಎರಡು ಪೆನ್ನು, ಎರಡು ಕನ್ನಡಕ, ಎರಡು ಬಾಚಣಿಗೆ, ಮಡಿಕೆ ಕೂಡ ಬಿಚ್ಚದ ಎರಡನೆಯ ಕರವಸ್ತ್ರ. ತಲೆಯ ಮೇಲೆ ಬಾಚಲು ಉಳಿದಿದ್ದ ಕೂದಲಿಗೆ ಒಂದು ಬಾಚಣಿಗೆಯೇ ಹೆಚ್ಚು ಎಂದು ನಾನು ಕೀಟಲೆ ಮಾಡಿದ್ದುಂಟು. ಒಮ್ಮೆ ಅವರ ಹೆಂಡತಿ ಕಚೇರಿಗೆ ಬಂದಾಗ, ಈ ಮನುಷ್ಯ ಎಲ್ಲಕ್ಕೂ ಎರಡನೆಯದನ್ನು ಇಟ್ಟುಕೊಂಡಿದ್ದಾರೆ, ನನ್ನೊಬ್ಬಳನ್ನು ಬಿಟ್ಟು ಎಂದು ದೂರುವಂತೆ ಹೆಮ್ಮೆಪಟ್ಟರು. ಇವರು ತಲೆ ಎತ್ತದೆ, ಸ್ಕ್ರೂ ತಿರುಗಿಸುತ್ತಲೇ, “ಅದೊಂದ್ ವಿಷಯದಲ್ಲಿ ನಂಗೆ ಅಕಸ್ಮಾತ್ ಅನ್ನೋದೇ ಹೊಳೀಲಿಲ್ಲ” ಎಂದರು. ಆ ತಾಯಿ ಕೆಂಪಾದರು.

ನಡಿಗೆಯಂತೂ ನೋಡುವಂಥದ್ದು. ಸಿಗ್ನಲ್ ಹುಡುಕುವಾಗ ಫೋನನ್ನು ಅಂಗೈಯಲ್ಲಿಟ್ಟು, ತುಂಬಿದ ಬಟ್ಟಲನ್ನು ತುಳುಕದಂತೆ ಒಯ್ಯುವವರ ಹಾಗೆ ತೋಳು ಚಾಚಿ, ಅಡ್ಡಡ್ಡ ಹೆಜ್ಜೆ ಹಾಕುತ್ತ, ಗೋಡೆ ಬಂದಲ್ಲಿ ನಿಂತು ಗೋಡೆಯನ್ನೇ ತಪ್ಪಿತಸ್ಥನೆಂಬಂತೆ ನೋಡುತ್ತ ಅವರು ಕಟ್ಟಡವನ್ನೆಲ್ಲ ಸುತ್ತುತ್ತಿದ್ದರು. ಹಾಗೆ ಸುತ್ತಿ ನಮ್ಮ ಹಜಾರದ ತುದಿಯಲ್ಲಿ ಸಣ್ಣ ಆಂಟೆನಾ ನೆಟ್ಟು, ಕೇಬಲ್ ಒಂದು ಕಂಪನಿಯದಾದರೆ ಸಿಮ್ ಇನ್ನೊಂದು ಕಂಪನಿಯದೇ ಆಗಬೇಕೆಂದು ಪಟ್ಟುಹಿಡಿದು, ಎರಡನೆಯ ದಾರಿ ಸಿದ್ಧಮಾಡಿದರು. ಪ್ರತಿ ಬುಧವಾರ ಚಹದ ವೇಳೆಗೆ ಬಂದು ಹಳದಿ ತಂತಿ ಕೀಳುವುದು, ಅರ್ಧ ನಿಮಿಷದಲ್ಲಿ ಪರದೆಗಳು ಮತ್ತೆ ಜೀವ ತಳೆಯುವುದನ್ನು ನೋಡುವುದು, ತಲೆಯಾಡಿಸಿ ಹೋಗುವುದು. ಮೊಸರಿನಲ್ಲಿ ಕಲ್ಲು ಹುಡುಕುವ ಈ ಚಾಳಿ ನನಗೆ ಅತಿ ಎನಿಸುತ್ತಿತ್ತು.

ಕಲ್ಲು ಇತ್ತು. ಒಂದು ಸೋಮವಾರ ಬೆಳಿಗ್ಗೆ, ಬೀದಿ ಅಗೆಯುತ್ತಿದ್ದ ಯಂತ್ರ ಕೇಬಲನ್ನು ತುಂಡರಿಸಿತು. ಅದೇ ಕ್ಷಣ ನಮ್ಮ ಎರಡನೆಯ ದಾರಿಯೂ ಸತ್ತಿತು. ಕರೆ ಮತ್ತೆ ಹಿಡಿಯುವವರೆಗೆ ಒಟ್ಟು ಹನ್ನೊಂದು ನಿಮಿಷ. ಆ ಹೊತ್ತಿಗೆ ನಮ್ಮ ಹಿರಿಯ ದುಭಾಷಿ, ತಂದೆ ತಾಯಿ ಇಬ್ಬರೂ ಕಿವುಡರಾದ್ದರಿಂದ ಮಾತಿಗಿಂತ ಮೊದಲು ಸನ್ನೆಯನ್ನೇ ಕಲಿತವಳು, ಏಳು ತಿಂಗಳ ಗರ್ಭಿಣಿಯೊಬ್ಬಳ ಕರೆಯಲ್ಲಿದ್ದಳು. ಆ ಗರ್ಭಿಣಿ ಬಟ್ಟೆ ಹೊಲಿಯುವವಳು, ಚೊಚ್ಚಲು, ಹುಟ್ಟಾ ಕಿವುಡಿ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ತನ್ನ ಮಗುವಿನ ಕ್ಷೇಮ ಕೇಳುತ್ತಿದ್ದಾಗ ಪರದೆಯ ಮೇಲಿನ ಕೈಗಳು ಅರ್ಧ ಮಾತಿನಲ್ಲೇ ನಿಂತುಹೋದವು. ಕೊನೆಗೆ ದುಭಾಷಿ ಮತ್ತೊಂದು ಕಂಪನಿಯ ಸಿಮ್ ಇದ್ದ ತನ್ನ ಸ್ವಂತ ಫೋನು ಹಿಡಿದು ಬೀದಿಯಂಚಿನವರೆಗೆ ಓಡಿ, ಅಲ್ಲಿ ನಿಂತೇ ಕರೆ ಹಿಡಿದಳು.

ಅಕಸ್ಮಾತಪ್ಪ ಒಂದು ಗಂಟೆಯೊಳಗೆ ಬಂದರು. ಸಮಜಾಯಿಷಿ ಹೇಳಲಿಲ್ಲ. ನಾನು ನಾಲ್ಕು ಮಾತು ಖಾರವಾಗಿಯೇ ಆಡಿದೆ, ಆಡಿದ್ದಕ್ಕೆ ಈಗಲೂ ನಾಚಿಕೆಯಿದೆ; ಅವರು ಕೋಟಿನ ಗುಂಡಿ ಹಿಡಿದು ಕೇಳಿಸಿಕೊಂಡು, ನಂತರ ದುಭಾಷಿಯ ಕಡೆ ತಿರುಗಿ, ಆ ಹನ್ನೊಂದು ನಿಮಿಷ ಹೇಗಿತ್ತು ಎಂದು ಆ ಗರ್ಭಿಣಿಯನ್ನೇ ಕೇಳಿ ಹೇಳಬೇಕೆಂದು ಬೇಡಿಕೊಂಡರು. ಸಂಜೆ ಕೇಬಲ್ ಜೋಡಣೆಯಾದ ಮೇಲೆ ಆ ಹೊಲಿಗೆಯವಳು ಪರದೆಯ ಮೇಲೆ ಬಂದಳು. ಅವಳ ಕೈಗಳು ಹೇಳಿದ್ದನ್ನು ದುಭಾಷಿ ನಿಧಾನವಾಗಿ ಹೇಳಿದಳು:

“ಎಲ್ಲರ ಬಾಯಿ ಆಡ್ತಾ ಇತ್ತು. ನನ್ನ ಹೊಟ್ಟೆ ನೋಡ್ಕೊಂಡು ಮಾತಾಡ್ತಿದ್ರು. ಮಗು ಹೋಯ್ತು ಅಂತ ಅಂದ್ಕೊಂಡೆ.”

ಅಸಲಿಗೆ ಅವರು ಆಡಿಕೊಳ್ಳುತ್ತಿದ್ದುದು ಸ್ಕ್ಯಾನ್ ಯಂತ್ರದ ಕಾಗದ ಮುಗಿದ ವಿಷಯ. ವೈದ್ಯರು ಚೀಟಿಯಲ್ಲೇನೋ ಗೀಚಿ ಕೊಟ್ಟರಂತೆ, ಆದರೆ ವೈದ್ಯರ ಅಕ್ಷರ ದೇವರಿಗೇ ಪ್ರೀತಿ. ಅವಳು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಹೆರಿಗೆಯ ದಿನವೂ ಹೀಗೇ ಆಗುತ್ತದೆಯೇ? ಆಗುವುದಿಲ್ಲ ಎಂದು ಬಾಯುಪಚಾರಕ್ಕೆ ಹೇಳಿಬಿಡಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವರು ಹೇಳಲಿಲ್ಲ. ಗೊತ್ತಿಲ್ಲ, ನೋಡಿ ಹೇಳುತ್ತೇನೆ, ಎಂದು ಹೇಳಿಸಿದರು.

ಮೂರು ದಿನ ಅವರು ಬೀದಿಯಲ್ಲೇ ಇದ್ದರು. ನಮ್ಮ ಕೇಬಲ್ ಹೋದ ದಾರಿಯನ್ನು ನೆಲದ ಮುಚ್ಚಳಗಳ ಗುರುತು ಹಿಡಿದು ನಡೆದರು, ಟವರಿನ ಕಾವಲುಗಾರನೊಂದಿಗೆ ಚಹ ಕುಡಿದರು, ಅಗೆಯುವವರೊಂದಿಗೆ ಗುಂಡಿಗಿಳಿದರು. ನಾಲ್ಕನೆಯ ದಿನ ಕೋಟಿನ ಮೊಣಕೈಗೆ ಮಣ್ಣು ಮೆತ್ತಿಕೊಂಡು ಬಂದು ಸತ್ಯ ಹೇಳಿದರು. ಕಂಪನಿ ಬೇರೆ, ಸಿಮ್ ಬೇರೆ, ಟವರೂ ಬೇರೆಯೇ. ಆದರೆ ಆ ಟವರಿಗೆ ನೆಟ್ ಬರುತ್ತಿದ್ದ ಕೇಬಲ್ಲೂ ನಮ್ಮ ಕೇಬಲ್ಲೂ ಸೇತುವೆಯ ಪಕ್ಕದ ಒಂದೇ ಗುಂಡಿಯಲ್ಲಿ ಒಂದರ ಮೇಲೊಂದು ಮಲಗಿದ್ದವು. ಮೂವತ್ತು ವರ್ಷ ಎಲ್ಲರ ತಂತಿಯನ್ನೂ ಕಿತ್ತು ನೋಡಿದ ಮನುಷ್ಯ ಗುಂಡಿಯ ಮುಚ್ಚಳವನ್ನು ಮಾತ್ರ ಎತ್ತಿ ನೋಡಿರಲಿಲ್ಲ. “ನಾನು ಕಿತ್ತಿದ್ದು ನನ್ನ ಕೈಗೆ ಸಿಗೋ ತಂತಿನ ಮಾತ್ರ, ಮೇಡಂ. ಎರಡೂ ಒಂದೇ ಸಲ ಹೋದ್ರೆ ಅಂತ ನನ್ನ ತಲೆಗೆ ಬರಲೇ ಇಲ್ಲ” ಎಂದಾಗ ಅವರ ಧ್ವನಿ ಇಳಿದಿತ್ತು. ಅಕಸ್ಮಾತ್ ಎಂಬ ಪದ ಅಂದು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

ನದಿಯಾಚೆ ಇನ್ನೊಂದು ಟವರಿತ್ತು. ಅದಕ್ಕೆ ನೆಟ್ ಬರುವುದು ಬೇರೆ ದಿಕ್ಕಿನಿಂದ. ಅದನ್ನೂ ನಡೆದೇ ಖಚಿತಮಾಡಿಕೊಂಡಿದ್ದರು. ಅದರ ಸಿಗ್ನಲ್ ನೆಟ್ಟಗೆ ಸಿಗುವ ಜಾಗ ನಮ್ಮ ಕಟ್ಟಡದಲ್ಲೆಲ್ಲ ಒಂದೇ ಒಂದು, ಹನ್ನೆರಡು ವರ್ಷದಿಂದ ನಾನು ಕುಳಿತುಕೊಳ್ಳುತ್ತಿದ್ದ ಕಿಟಕಿ. ಆ ಕಿಟಕಿಗಾಗಿ ನಾನು ಹಿಂದಿನ ಅಧಿಕಾರಿಯೊಂದಿಗೆ ವರ್ಷಗಟ್ಟಲೆ ಮುನಿಸು ಕಟ್ಟಿಕೊಂಡಿದ್ದವಳು. ಗಾಜಿನ ಹೊರಗೆ ಕಟ್ಟಿದರಾಗದೇ, ತಾರಸಿಯ ಮೇಲೆ ಇಟ್ಟರಾಗದೇ ಎಂದು ನಾನು ಕೇಳುತ್ತಿದ್ದಂತೆಯೇ ಅವರು ನನ್ನ ಮೇಜನ್ನು ಬಾಗಿಲ ಕಡೆ ತಳ್ಳುತ್ತಿದ್ದರು. ಈಗ ನನ್ನ ಜಾಗದಲ್ಲಿ ಬಿಳಿಯ ಆಂಟೆನಾ ನದಿಯ ನೋಟ ಸವಿಯುತ್ತದೆ, ನಾನು ಶೌಚಾಲಯದ ಬಾಗಿಲನ್ನು ನೋಡುತ್ತ ಬರೆಯುತ್ತೇನೆ. ಕರೆ ಕಡಿದು ಮತ್ತೆ ಹಿಡಿಯುವ ಆ ಅರ್ಧ ನಿಮಿಷವೂ ಕೂಡದೆಂದು ಅವರು ಹೊಸ ಪೆಟ್ಟಿಗೆಯೊಂದನ್ನು ತಂದು, ಒಂದೇ ಮಾತು ಎರಡೂ ದಾರಿಯಲ್ಲಿ ಒಟ್ಟಿಗೆ ಹೊರಡುವಂತೆ, ಯಾವುದು ತಲುಪಿತೋ ಅದನ್ನು ಆಚೆಯವರು ಎತ್ತಿಕೊಳ್ಳುವಂತೆ ಮಾಡಿದರು.

ಉಳಿದದ್ದು ಪರೀಕ್ಷೆ. ಹೇಳದೆ ಕೀಳುವುದನ್ನೇ ವ್ರತ ಮಾಡಿಕೊಂಡಿದ್ದ ಮನುಷ್ಯ ಅಂದು ಮೊದಲ ಸಲ ಅಪ್ಪಣೆ ಕೇಳಿದರು, ವೈದ್ಯರನ್ನೂ ಹೊಲಿಗೆಯವಳನ್ನೂ. ಮುಂದಿನ ತಪಾಸಣೆಯ ದಿನ ನಡುವೆ ಎಲ್ಲೋ ಒಂದು ಕಡೆ ಕೀಳುತ್ತೇನೆ, ಯಾವಾಗ ಎಂದು ಹೇಳುವುದಿಲ್ಲ, ಒಪ್ಪಿಗೆಯೇ? ವೈದ್ಯರು ಒಪ್ಪಿದರು, ಅವಳೂ ಹೂಂ ಎಂದು ತಲೆಯಾಡಿಸಿದಳು. ಅಂದೇ ಅವರಿಗೊಂದು ಸನ್ನೆಯ ಹೆಸರನ್ನೂ ಇಟ್ಟಳು: ಎಡ ಅಂಗೈಯಿಂದ ಬಲಗೈಯ ಎರಡು ಬೆರಳು ಏನನ್ನೋ ಚಿಟುಕನೆ ಸೆಳೆಯುವುದು. ಕಿವಿ ಕೇಳದವರು ಹೀಗೆ ಹೆಸರಿಟ್ಟರೆಂದರೆ ತಮ್ಮವರ ಸಾಲಿಗೆ ಸೇರಿಸಿಕೊಂಡರು ಎಂದೇ ಅರ್ಥ.

ಆ ದಿನ ದುಭಾಷಿ ತನ್ನ ಜಾಗದಲ್ಲಿ ಕುಳಿತಿದ್ದಳು. ಕಪಾಟಿನ ಮುಂದೆ ಅವರು, ಅವರ ಹಿಂದೆ ಜೀವ ಕೈಯಲ್ಲಿ ಹಿಡಿದು ನಾನು. ವೈದ್ಯರು ಮಗುವಿನ ತೂಕ ಹೇಳುತ್ತಿದ್ದರು, ದುಭಾಷಿಯ ಕೈಗಳು ಗಾಳಿಯಲ್ಲಿ ಆ ತೂಕವನ್ನು ಎತ್ತಿ ತೋರಿಸುತ್ತಿದ್ದವು. ಕರೆ ಶುರುವಾಗಿ ನಾಲ್ಕನೆಯ ನಿಮಿಷಕ್ಕೆ ಅವರ ಬೆರಳುಗಳು ತಂತಿಯನ್ನು ಸೆಳೆದವು. ಹಸಿರು ದೀಪ ಕಿತ್ತಳೆಗೆ ತಿರುಗಿತು. ನಾನು ಪರದೆ ನೋಡಿದೆ. ಕೈಗಳು ಆಡುತ್ತಲೇ ಇದ್ದವು. ತೂಕ ಮುಗಿದು ಊಟದ ವಿಷಯ ಬಂತು, ನಿದ್ದೆಯ ವಿಷಯ ಬಂತು, ಗಂಡ ಗೊರಕೆ ಹೊಡೆಯುವುದನ್ನು ಕಂಡಿದ್ದೇನೆ, ಕೇಳಿಲ್ಲ ಎಂದು ಅವಳು ನಗೆಯಾಡಿದ್ದೂ ಬಂತು. ಹನ್ನೆರಡು ನಿಮಿಷದ ಮೇಲೆ ವೈದ್ಯರು ಎದ್ದುಹೋದರು. ಆಗ ಹೊಲಿಗೆಯವಳು ಪರದೆಯ ಹತ್ತಿರ ಬಾಗಿ, ಅಂಗೈಯಿಂದ ಎರಡು ಬೆರಳು ಸೆಳೆದು, ಏನೋ ಕೇಳಿದಳು. ದುಭಾಷಿ ನಮ್ಮ ಕಡೆ ತಿರುಗಿದಳು, ತಂತಿ ಕಿತ್ತದ್ದು ಅವಳಿಗೂ ಗೊತ್ತಿರಲಿಲ್ಲ.

“ಅಣ್ಣ ಯಾವಾಗ ಕೀಳ್ತಾರೆ ಅಂತ ಕೇಳ್ತಿದಾಳೆ. ಆಗಿಂದ ಕಾಯ್ತಾನೇ ಇದಾಳಂತೆ.”

ತಂತಿ ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ಎತ್ತಿ ಪರದೆಗೆ ತೋರಿಸಿದರು. ಆಮೇಲೆ ಕನ್ನಡಕ ತೆಗೆದರು. ಒಂದು ಕರವಸ್ತ್ರ ಸಾಲದೆ, ಮೊದಲ ಸಲ ಆ ಎರಡನೆಯದರ ಮಡಿಕೆ ಬಿಚ್ಚಿದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಆದರೆ ನನ್ನ ಹತ್ತಿರ ಒಂದು ಕರವಸ್ತ್ರವೂ ಇರಲಿಲ್ಲ.

ಹೆರಿಗೆಯ ದಿನ ಅವರು ಬೆಳಗಿನಿಂದ ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕೇಬಲ್ ಕೊನೆಯವರೆಗೂ ಗಟ್ಟಿಯಾಗಿತ್ತು. ಎರಡನೆಯ ದಾರಿ ಬೇಕಾಗಲೇ ಇಲ್ಲ. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು, ಅತ್ತಿತು ಎಂದು ದುಭಾಷಿ ತಾಯಿಗೆ ಕೈಯಲ್ಲಿ ಹೇಳಿದಳು. ನಿಮ್ಮ ಕಷ್ಟವೆಲ್ಲ ವ್ಯರ್ಥವಾಯಿತಲ್ಲ ಎಂದು ನಾನು ಛೇಡಿಸಿದರೆ, “ಬೇಡವಾಗ್ಲಿ ಅಂತ್ಲೇ ಅಲ್ವಾ ಮೇಡಂ ಕಟ್ಟಿದ್ದು” ಎಂದು ಕೋಟು ಕೊಡವಿಕೊಂಡು ಹೊರಟರು. ಮುಂದಿನ ಬುಧವಾರ ಚಹದ ವೇಳೆಗೆ ಸರಿಯಾಗಿ ಬಂದರು.

ಇಂಥವರನ್ನು ನಾವು ಅಪಶಕುನ ನುಡಿಯುವವರೆಂದು ದೂರವಿಡುತ್ತೇವೆ, ಒಳ್ಳೆಯ ಹೊತ್ತಿನಲ್ಲಿ ಕೆಟ್ಟ ಮಾತು ತೆಗೆಯುತ್ತಾರೆಂದು ಗೊಣಗುತ್ತೇವೆ. ಆದರೆ ನಾವು ನಿಶ್ಚಿಂತೆಯಿಂದ ಇರಬೇಕಾದರೆ ನಮ್ಮ ಪಾಲಿನ ಅಪನಂಬಿಕೆಯನ್ನು ಯಾರಾದರೂ ಹೊತ್ತಿರಲೇಬೇಕು. ಅವರು ಅದನ್ನು ಹೊತ್ತು ಗುಂಡಿಗಿಳಿಯುತ್ತಾರೆ, ತಾವೇ ಕಟ್ಟಿದ್ದನ್ನು ತಾವೇ ಸಂಶಯಿಸುತ್ತಾರೆ, ತಪ್ಪು ಕಂಡರೆ ತಲೆ ತಗ್ಗಿಸಿ ಮತ್ತೆ ಕಟ್ಟುತ್ತಾರೆ. ನಮ್ಮ ಬದುಕಿನ ಎಷ್ಟೋ ತಂತಿಗಳು ಹೀಗೆ ಎಂದೋ ಕಿತ್ತುಹೋಗಿವೆ. ಇಂಥವರು ಕಟ್ಟಿದ ಎರಡನೆಯ ದಾರಿ ನಮ್ಮನ್ನು ಹೊತ್ತೊಯ್ಯುತ್ತಿರುವುದು ತಿಳಿಯದೆ, ಯಾವಾಗ ಕಿತ್ತುಹೋಗುತ್ತವೋ ಎಂದು ನಾವು ಇನ್ನೂ ಕಾಯುತ್ತಿರುತ್ತೇವೆ.