ಬಿರುಗಾಳಿಯಲ್ಲಿ ಯಂತ್ರ ಯಾಕೆ ನಿಂತಿತ್ತು?

ಡೆನ್ಮಾರ್ಕಿನ ಪಡುವಣ ಕರಾವಳಿಯ ನಮ್ಮೂರಲ್ಲಿ ಗಾಳಿಗೆ ಬರವಿಲ್ಲ, ಬರ ಇರುವುದು ಮಾತಿಗೆ. ಪಕ್ಕದವರ ವ್ಯವಹಾರ ಕೇಳುವುದೆಂದರೆ ಅವರ ಅಡುಗೆಮನೆಗೆ ಕೆಸರುಗಾಲಲ್ಲಿ ನುಗ್ಗಿದಷ್ಟೇ ತಪ್ಪು. ಈ ಮರ್ಯಾದೆಯೇ ಟೋರ್ಕಿಲ್‌ಗೆ ಮುಳುವಾಗುವುದರಲ್ಲಿತ್ತು.

ಟೋರ್ಕಿಲ್ ಹಸು ಸಾಕುವವನು. ಊರಿನ ಎತ್ತರದ ದಿಬ್ಬ ಅವನದು. ಅಲ್ಲಿ ಎಲ್ಲರೂ ಪಾಲು ಹಾಕಿ ಗಾಳಿಯಂತ್ರ ನಿಲ್ಲಿಸೋಣ, ಆ ಕರೆಂಟಿನಿಂದ ಊರ ಬಿಸಿನೀರಿನ ಘಟಕ ನಡೆಸೋಣ ಎಂದು ಊರ ಸಹಕಾರ ಸಂಘದವರು ಕೇಳಿದ್ದರು. ಆ ಘಟಕದಿಂದ ಕೊಳವೆಯಲ್ಲಿ ಹರಿಯುವ ಬಿಸಿನೀರಿನಿಂದಲೇ ನಮ್ಮ ಮನೆಗಳು ಬೆಚ್ಚಗಿರುವುದು. ಈಗ ಅದು ನಡೆಯುವುದು ಗ್ಯಾಸಿನಿಂದ. ಗ್ಯಾಸಿಗೋ ಚಿನ್ನದ ಬೆಲೆ! ಟೋರ್ಕಿಲ್‌ನ ಮಗಳು ಮೈಕೆನ್ ಅದೇ ಬಿಸಿನೀರಿನಿಂದ ಬೆಚ್ಚಗಿಟ್ಟ ಗಾಜಿನ ಮನೆಯಲ್ಲಿ ಸೌತೆ ಬೆಳೆಯುತ್ತಾಳೆ. "ಇನ್ನೊಂದು ಚಳಿಗಾಲ ಹೀಗೇ ಆದ್ರೆ ಬಾಗಿಲು ಹಾಕ್ತೀನಪ್ಪ" ಎಂದುಬಿಟ್ಟಿದ್ದಳು.

ಆದರೂ ಟೋರ್ಕಿಲ್ ದಿಬ್ಬ ಕೊಡಲೊಲ್ಲ. ಕಾರಣ ಕೇಳಿದರೆ ಮಳೆಯ ಸುದ್ದಿ ತೆಗೆಯುತ್ತಿದ್ದ. ಕೊನೆಗೆ ಹೆಂಡತಿ ಗುಡ್ರುನ್, ಘಟಕ ನೋಡಿಕೊಳ್ಳುವ ಬೋದಿಲ್‌ಳನ್ನು ಕಾಫಿಗೆ ಕರೆದಳು. ಮೊದಲ ಲೋಟ ಮಳೆಯ ಮಾತಲ್ಲಿ ಮುಗಿಯಿತು, ಎರಡನೆಯದು ಹಸುವಿನ ಮಾತಲ್ಲಿ. ಗುಡ್ರುನ್‌ಗೆ ತಡೆಯಲಾಗಲಿಲ್ಲ, ಗಂಡನತ್ತ ತಿರುಗಿದಳು.

"ಬಾಯಿಗೆ ಬನ್ನು ತುರುಕ್ಕೊಂಡಿದೀಯಾ? ನಿನ್ನ ಅನುಮಾನ ಏನು, ಹೇಳು!"

ಟೋರ್ಕಿಲ್ ಗಂಟಲು ಸರಿಮಾಡಿಕೊಂಡ. "ಕ್ರಿಸ್ಮಸ್‌ಗೆ ಮುಂಚೆ ಬಿರುಗಾಳಿ ಬಂತಲ್ಲ, ಆವತ್ತು ಕಡಲ ಕಡೆ ಕಂಪನಿಯವ್ರ ಯಂತ್ರಗಳು ಸುಮ್ನೆ ನಿಂತಿದ್ವು. ಉಳೋ ಹೊತ್ತಲ್ಲಿ ಮಲಗೋ ಕುದುರೆ ಯಾರಿಗೆ ಬೇಕು?"

"ಅಯ್ಯೋ ಮಾರಾಯ, ಅವತ್ತಿಂದ ಇದನ್ನೇ ಮೆಲುಕು ಹಾಕ್ತಿದೀಯಾ?" ಬೋದಿಲ್ ನಕ್ಕಳು. "ಅವು ಕೆಟ್ಟಿರ್ಲಿಲ್ಲ. ಅವ್ರೇ ನಿಲ್ಸಿದ್ರು."

"ಗಾಳಿ ಇರುವಾಗ ನಿಲ್ಸೋದಾ? ಯಾಕೆ?" ಗುಡ್ರುನ್ ಕುರ್ಚಿ ಮುಂದಕ್ಕೆಳೆದಳು.

"ಹುಲ್ಲು ಚಿಗುರಿದಾಗ ಎಲ್ಲರ ಹಸುನೂ ಹಾಲು ಸುರಿಸಿದ್ರೆ ಹಾಲಿನ ಬೆಲೆ ಏನಾಗುತ್ತೆ?"

"ಬೀಳುತ್ತೆ," ಎಂದ ಟೋರ್ಕಿಲ್.

"ಇದೂ ಹಂಗೇ. ಜೋರು ಗಾಳಿ ದಿನ ದೇಶದ ಯಂತ್ರಗಳೆಲ್ಲ ತಿರುಗ್ತವೆ, ಅಷ್ಟು ಕರೆಂಟು ಕೊಳ್ಳೋರಿಲ್ಲ. ಒಮ್ಮೊಮ್ಮೆ ಕರೆಂಟು ತಗೊಳ್ಳಿ ಅಂತ ಮಾರೋನೇ ಕೈಯಿಂದ ದುಡ್ಡು ಕೊಡ್ಬೇಕಾಗುತ್ತೆ. ಅದಕ್ಕೇ ನಿಲ್ಸಿದ್ರು."

"ಹಾಗಾದ್ರೆ ನಾನು ಹೇಳಿದ್ದೇ ಸರಿ! ಇನ್ನೂ ಯಂತ್ರ ಹಾಕಿದ್ರೆ ಬೆಲೆ ಇನ್ನೂ ನೆಲ ಕಚ್ಚುತ್ತೆ."

"ಅರ್ಧ ಸರಿ. ಹಾಲು ಹೆಚ್ಚಾದಾಗ ನಿಮ್ಮಜ್ಜ ಚರಂಡಿಗೆ ಸುರಿದ್ರಾ?"

"ಅವರಿಗೇನು ಹುಚ್ಚಾ? ಊರವರೇ ಕಟ್ಟಿದ ಡೇರಿಗೆ ಹಾಕಿ ಬೆಣ್ಣೆ ಮಾಡ್ಸಿದ್ರು."

"ನಾವೂ ಅದನ್ನೇ ಮಾಡೋದು. ಬೆಲೆ ಇರುವಾಗ ಕರೆಂಟು ಮಾರೋದು, ಬಿದ್ದಾಗ ಅದ್ರಲ್ಲೇ ನೀರು ಕಾಯಿಸಿ ದೊಡ್ಡ ತೊಟ್ಟೀಲಿ ಇಡೋದು. ದಿನಗಟ್ಟಲೆ ಬಿಸಿ ಆರಲ್ಲ."

"ಗಾಳಿನೇ ಇಲ್ಲದ ದಿನ?" ಗುಡ್ರುನ್ ಬಿಡಲಿಲ್ಲ.

"ಘಟಕದ ಗ್ಯಾಸ್ ಒಲೆ ತೆಗೆಯಲ್ಲ. ಆದ್ರೆ ಹಚ್ಚೋದು ಕಮ್ಮಿಯಾಗುತ್ತೆ."

"ಮತ್ತೆ ಯಂತ್ರದ ಸದ್ದು?"

"ಇರುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಮನೆಗಳಿಂದ ದೂರ ನಿಲ್ಸೋದು."

ಟೋರ್ಕಿಲ್ ಮುಖ ಗಂಟಿಕ್ಕಿದ. "ಇದನ್ನೆಲ್ಲ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ?"

"ಬೇರೆಯವ್ರ ವ್ಯವಹಾರ ಹೆಂಗೆ ಕೇಳೋದು..."

"ದಿಬ್ಬ ನಿಂದು, ಪಾಲು ನಿಂದು, ಮಗಳು ನಿನ್ನೋಳು. ಇದ್ರಲ್ಲಿ ಬೇರೆಯವ್ರ ವ್ಯವಹಾರ ಯಾವುದೋ?"

ಆ ವಾರದ ಊರಸಭೆಯಲ್ಲಿ ಟೋರ್ಕಿಲ್ ಎದ್ದು ನಿಂತು ಕೇಳಿದ ಪ್ರಶ್ನೆಗಳಿಗೆ ಎಲ್ಲರ ಕಾಫಿ ಆರಿಹೋಯಿತು. ರಿಪೇರಿ ಯಾರದು, ನಷ್ಟವಾದರೆ ಯಾರ ತಲೆಗೆ, ಹಳೆಯದಾದ ಮೇಲೆ ಬಿಚ್ಚುವವರು ಯಾರು? ಇಷ್ಟು ದಿನ ಬಾಯಿಬಿಡದೆ ಕುಳಿತಿದ್ದವರೂ ಧೈರ್ಯ ಮಾಡಿ ಕೇಳತೊಡಗಿದರು. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಟೋರ್ಕಿಲ್ ಮಗಳ ಕಡೆ ತಿರುಗಿ, "ಸೌತೆ ಬೀಜ ಹಾಕಮ್ಮ. ದಿಬ್ಬ ಕೊಟ್ಟಿದೀನಿ" ಎಂದ. ನಮ್ಮ ಕಡೆ ಗಂಡಸರು ಅಳುವುದಿಲ್ಲ. ಆದರೆ ಅವನು ಮೂಗು ಒರೆಸಿಕೊಂಡದ್ದನ್ನು ನಾನೇ ಕಂಡೆ.

ಬಂಧುಗಳೇ, ನಾಳೆ ನಿಮ್ಮೂರ ಗುಡ್ಡಕ್ಕೂ ಗಾಳಿಯಂತ್ರದವರು ಬರಬಹುದು. ಹೂಂ ಅನ್ನುವ ಮುಂಚೆ, ಊಹೂಂ ಅನ್ನುವ ಮುಂಚೆಯೂ, ಬಾಯಿಬಿಟ್ಟು ಕೇಳಿ. ಯಂತ್ರ ಯಾರದು? ಅದರಲ್ಲಿ ನಮಗೆ ಪಾಲುಂಟೆ? ಬೆಲೆ ಬಿದ್ದ ದಿನ ಏನು ಮಾಡುತ್ತೀರಿ? ಒಬ್ಬೊಬ್ಬರೇ ಸಹಿ ಹಾಕಬೇಡಿ, ಊರು ಕೂತು ಮಾತಾಡಲಿ. ಗಾಳಿ ಹೇಗೂ ಬೀಸುತ್ತದೆ. ಅದರ ಲಾಭ ಯಾರ ಮನೆಗೆ ಹೋಗಬೇಕು ಎನ್ನುವುದು ಮಾತ್ರ ನೀವು ಕೇಳುವುದರ ಮೇಲಿದೆ.